ಕಾಜಕ್ಕ ಮಾತಾಡಬೇಕಿತ್ತು

ಬಟ್ಟೆ ಹೊಲಿಯುವವರ ಬಾಯಿಗೆ ಗುಂಡಿ ಇರುವುದಿಲ್ಲ ಎಂಬ ಮಾತಿದೆ. ಅಂಥ ಮಾತು ನಿಜಕ್ಕೂ ಇದೆಯೋ ಇಲ್ಲವೋ, ನನ್ನ ಹೆಂಡತಿ ಬದುಕಿದ್ದಾಗ ದಿನಕ್ಕೊಮ್ಮೆಯಾದರೂ ಹಾಗೆನ್ನುತ್ತಿದ್ದಳು. ಗಿರಾಕಿಯ ಎದೆಯಳತೆ ತೆಗೆಯುವಷ್ಟರಲ್ಲಿ ಅವನ ಮಗಳ ಮದುವೆ ಎಲ್ಲಿಗೆ ಬಂತು, ತಂಗಿಯ ಮನೆಯ ಜಗಳ ಎಲ್ಲಿಗೆ ಮುಟ್ಟಿತು ಎಂದು ಕೇಳಿ ಮುಗಿಸಿರುತ್ತೇನೆ. ಇಂಥ ನನ್ನ ಅಂಗಡಿಯಲ್ಲಿ ಬಹಳ ವರ್ಷ ನನ್ನೆದುರು ಕೂತು ಕೆಲಸ ಮಾಡಿದವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಬಾಯಿಂದ ಒಂದು ಮಾತೂ ಆಡಿದವಳಲ್ಲ. ಆದರೂ ಅವಳಷ್ಟು ಮಾತುಗಾತಿಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಬೀದಿಯವರಿಗೆಲ್ಲ ಅವಳು ಕಾಜಕ್ಕ. ಕಾಜಾ ಎಂದರೆ ಗುಂಡಿ ತೂರಿಸಲು ಬಟ್ಟೆಯಲ್ಲಿ ಮಾಡುವ ಸೀಳು. ಅಂಗಿಗಳಿಗೆ ಈಗ ಅದನ್ನು ಯಂತ್ರವೇ ಹಾಕಿ ಬಿಸಾಡುತ್ತದೆ. ಕೋಟಿಗೆ ಮಾತ್ರ ಕೈಯಿಂದ ಹಾಕಿದರೇ ಚೆಂದ. ಬಟ್ಟೆ ಸೀಳಿ, ದಾರಕ್ಕೆ ಮೇಣ ಎಳೆದು, ಅಂಚಿನ ಸುತ್ತ ಒಂದರ ಪಕ್ಕ ಒಂದು ಗಂಟು ಕೂರಿಸುತ್ತ ಬರಬೇಕು. ಅವಸರ ಮಾಡಿದರೆ ಅಂಚು ಬಾಯಿ ಬಿಡುತ್ತದೆ. ಕಾಜಕ್ಕ ಬಾಗಿಲ ಬೆಳಕಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಬೆನ್ನ ಹಿಂದೆ ಯಾರೂ ಬರಬಾರದು, ಬೀದಿಯೆಲ್ಲ ಕಣ್ಣಿಗೆ ಬೀಳಬೇಕು ಎಂಬುದು ಕೆಲಸಕ್ಕೆ ಸೇರಿದ ದಿನವೇ ಅವಳು ಹಾಕಿದ ಷರತ್ತು.

ಕಿವಿ ಕೇಳದವರು ತಮ್ಮತಮ್ಮಲ್ಲಿ ಹೆಸರನ್ನೂ ಕೈಯಲ್ಲೇ ಇಡುತ್ತಾರೆ. ನನಗೆ ಅವಳು ಇಟ್ಟ ಹೆಸರು ಕೊರಳಿನ ಎರಡೂ ಬದಿಗೆ ಮುಷ್ಟಿ ಇಳಿಸುವುದು, ಅಂದರೆ ಅಳತೆ ಟೇಪು ನೇತುಹಾಕಿಕೊಂಡವನು. ಪಕ್ಕದ ಔಷಧಿ ಅಂಗಡಿಯವನಿಗೆ ಮೂಗು ಕೆರೆದುಕೊಳ್ಳುವ ಸನ್ನೆ. ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುವ ಗಿರಾಕಿಯೊಬ್ಬನಿದ್ದ. ಆಮೇಲೆ ಪ್ಯಾಂಟು ಬಿಗಿಯಾಯಿತೆಂದು ನನ್ನ ಮೇಲೆಯೇ ಹಾರಾಡುತ್ತಿದ್ದ. ಅವನು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಕಾಜಕ್ಕ ಕೆನ್ನೆ ಉಬ್ಬಿಸಿ ಹೊಟ್ಟೆ ಒತ್ತಿಕೊಂಡು ನನ್ನ ಕಡೆ ನೋಡುವಳು. ಅವನೆದುರು ನಗಲಾರದೆ ನಾನು ಗುಂಡುಪಿನ್ನು ಕಚ್ಚಿಕೊಂಡು ನಿಲ್ಲುತ್ತಿದ್ದೆ. ಹೀಗೆ ಪರಿಹಾಸ್ಯದ ದಾರಿಯಲ್ಲೇ ನಾನು ಅವಳ ಭಾಷೆಯನ್ನು ಅಷ್ಟಿಷ್ಟು ಕಲಿತೆ. ನಿಧಾನವಾಗಿ ಆಡಿದರೆ ತಿಳಿಯುತ್ತಿತ್ತು. ತನ್ನವರೊಂದಿಗೆ ಅವಳು ಆಡುವ ವೇಗಕ್ಕೆ ನನ್ನ ಕಣ್ಣು ಓಡುತ್ತಿರಲಿಲ್ಲ.

ತನ್ನವರೆಂದರೆ ಅವಳಿಗೆ ಇದ್ದದ್ದು ಒಬ್ಬಳೇ. ತಂದೆ ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ತಂಗಿಯೊಬ್ಬಳು ವರ್ಷಕ್ಕೊಮ್ಮೆ ಬಂದು, ಗಟ್ಟಿಯಾಗಿ ಕೂಗಿದರೆ ಕೇಳಿಸೀತೇನೋ ಎಂಬಂತೆ ಕೂಗಿ ಮಾತಾಡಿ, ಬಸ್ಸು ಹತ್ತಿ ಹೋಗುತ್ತಿದ್ದಳು. ಕಾಜಕ್ಕ ಚಿಕ್ಕವಳಿದ್ದಾಗ ಕಿವುಡು ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಹುಡುಗಿಯೇ ಆ ಒಬ್ಬಳು. ಅವಳ ಹೆಸರು ಒಂದು ಹುಬ್ಬಿನಿಂದ ಇನ್ನೊಂದು ಹುಬ್ಬಿಗೆ ಬೆರಳೆಳೆಯುವುದು. ನಾನು ಅವಳನ್ನು ಕೂಡುಹುಬ್ಬು ಎಂದೇ ಕರೆಯುತ್ತೇನೆ. ಮನೆಯಲ್ಲಿ ಊಟ, ನೀರು, ಬಾ, ಹೋಗು ಎಂಬ ನಾಲ್ಕು ಸನ್ನೆ ಬಿಟ್ಟರೆ ಬೇರೆ ಮಾತು ಕಾಣದೆ ಬಂದ ಇಬ್ಬರು ಮಕ್ಕಳು ಆ ಹಾಸ್ಟೆಲಿನಲ್ಲಿ ಮೊದಲ ಸಲ ಹೊಟ್ಟೆ ತುಂಬ ಮಾತಾಡಿದ್ದರು. ಶಾಲೆ ಮುಗಿದ ಮೇಲೆ ಒಬ್ಬಳು ಇಲ್ಲಿಗೆ ಬಂದಳು, ಇನ್ನೊಬ್ಬಳು ಅಣ್ಣನ ಜೊತೆ ದೂರದ ದೊಡ್ಡ ಊರಿಗೆ ಹೋದಳು. ಕಾಗದ ಬರೆಯುವ ಅಭ್ಯಾಸ ಇಬ್ಬರಿಗೂ ಹತ್ತಲಿಲ್ಲ. ಬರವಣಿಗೆ ಅವರಿಗೆ ನೆಂಟರ ಮನೆಯಿದ್ದ ಹಾಗೆ, ಎಷ್ಟು ದಿನ ಇದ್ದರೂ ಕಾಲು ಚಾಚಿ ಮಲಗಲು ಆಗುವುದಿಲ್ಲ. ಯೌವನವೆಲ್ಲ ಹಾಗೆಯೇ ಒಬ್ಬರನ್ನೊಬ್ಬರು ನೋಡದೆ ಕಳೆಯಿತು.

ಆಮೇಲೆ ಅಗ್ಗದ ಫೋನುಗಳು, ಅಗ್ಗದ ನೆಟ್ಟು ಬಂದವು. ಕಿವಿ ಕೇಳದವರ ಯಾವುದೋ ಗುಂಪಿನ ವಿಡಿಯೊದಲ್ಲಿ ಕಾಜಕ್ಕ ಆ ಹುಬ್ಬನ್ನು ಗುರುತು ಹಿಡಿದಳು. ಅವತ್ತು ಒಂದು ಕೋಟಿನ ಕಾಜಾ ಕೆಟ್ಟಿತು. ಅವಳ ಕೈಯಲ್ಲಿ ಕೆಲಸ ಕೆಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಂದಿನಿಂದ ಪ್ರತಿದಿನ ಸಂಜೆ ಐದಕ್ಕೆ ಕೆಲಸ ಪಕ್ಕಕ್ಕಿಟ್ಟು, ಆರಿದ ಇಸ್ತ್ರಿಪೆಟ್ಟಿಗೆಗೆ ಫೋನು ಒರಗಿಸಿ ಕೂರುವಳು. ಪರದೆಯಲ್ಲಿ ಹಸಿರು ಪರದೆಬಟ್ಟೆಯ ಕೋಣೆ, ಅದರ ಕಿಟಕಿ, ಕಿಟಕಿಯಾಚೆ ಏಣಿ ಇಟ್ಟ ನೀರಿನ ಟ್ಯಾಂಕು, ನಡುವೆ ಕೂಡುಹುಬ್ಬು. ಮೊದಲ ಮಾತು ಯಾವಾಗಲೂ ಒಂದೇ: ಕಾಣ್ತಾ ಇದೀನಾ? ಆಮೇಲೆ ಒಂದು ಗಂಟೆ ಸದ್ದೇ ಇಲ್ಲದ ಗದ್ದಲ. ಬೀದಿಯ ಸುದ್ದಿಯೆಲ್ಲ ಅಲ್ಲಿಗೆ ಹೋಗುತ್ತಿತ್ತು. ಉಬ್ಬಿದ ಕೆನ್ನೆಯ ಸನ್ನೆ ಕಂಡಾಗ ಅಲ್ಲಿಂದಲೂ ನಗು. ನನ್ನ ಅಂಗಡಿಯಲ್ಲಿ ನನ್ನ ಬಗ್ಗೆಯೇ ನನಗೆ ತಿಳಿಯದಂತೆ ಆಡಿಕೊಳ್ಳುತ್ತಿದ್ದರು ಎಂಬ ಗುಮಾನಿ ನನಗೆ ಈಗಲೂ ಇದೆ.

ಕಳೆದ ಎರಡು ಮೂರು ವರ್ಷಗಳಲ್ಲಿ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಮೊದಲೆಲ್ಲ ತೋಳು ಬೀಸಿ ಮಾತಾಡುತ್ತಿದ್ದವಳು ಫೋನಿನ ಮುಂದೆ ಕೂತಾಗ ಸನ್ನೆಗಳನ್ನು ಚಿಕ್ಕದು ಮಾಡುತ್ತ ಬಂದಳು. ಮೊದಲು ಎದೆಯಗಲಕ್ಕೆ, ಆಮೇಲೆ ಊಟದ ತಟ್ಟೆಯಗಲಕ್ಕೆ, ಕೊನೆಗೆ ಅಂಗೈಯಗಲಕ್ಕೆ. ಏಕೆಂದು ಕೇಳಿದೆ. ಅವಳು ಚೂರುಬಟ್ಟೆಯೊಂದನ್ನು ಎತ್ತಿಕೊಂಡು, ಅದರಲ್ಲಿ ಕೋಟಿನ ಗುಂಡಿಯಷ್ಟು ಸೀಳು ಮಾಡಿ, ಅದನ್ನು ನನ್ನ ಕಣ್ಣಿಗೆ ಹಿಡಿದಳು. ಇನ್ನೊಂದು ಕಣ್ಣು ಮುಚ್ಚಿಸಿದಳು. ಎದುರು ನಿಂತು ಕೈಯಾಡಿಸಿದಳು. ನನಗೆ ಒಂದು ಬೆರಳಿನ ತುದಿ ಕಂಡಿತು, ಹೋಯಿತು. ಮತ್ತೆ ಅಂಗೈಯಗಲದಲ್ಲಿ ಆಡಿದಳು. ಆಗ ಪೂರ್ತಿ ಕಂಡಿತು. ಕೂಡುಹುಬ್ಬಿನ ಕಣ್ಣು ಸುತ್ತಲಿನಿಂದ ಮುಚ್ಚಿಕೊಳ್ಳುತ್ತಿದೆ, ನಡುವೆ ಇಷ್ಟೇ ಉಳಿದಿದೆ, ಇದಕ್ಕೆ ಮದ್ದಿಲ್ಲ, ಇದೂ ಯಾವತ್ತೋ ಮುಚ್ಚುತ್ತದೆ ಎಂದು ವೈದ್ಯರು ಹೇಳಿದ್ದಾರಂತೆ. ಹೇಳಿ ಮುಗಿಸಿ ಅವಳು ದಾರಕ್ಕೆ ಮೇಣ ಎಳೆಯಲು ಶುರುಮಾಡಿದಳು.

ಕಿವಿ ಇಲ್ಲದವಳಿಗೆ ಕಣ್ಣೂ ಹೋದರೆ ಉಳಿಯುವುದು ಮುಟ್ಟಿ ತಿಳಿಯುವ ಮಾತೊಂದೇ. ಆಡುವವರ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು, ಅವು ಹೋದಂತೆ ಹೋಗಿ ತಿಳಿದುಕೊಳ್ಳಬೇಕು. ಅದನ್ನು ಫೋನಿನಲ್ಲಿ ಕಲಿಸಲಾಗದು, ಪಕ್ಕದಲ್ಲೇ ಕೂರಬೇಕು. ಅದೂ ಒಂದಿಷ್ಟು ಬೆಳಕು ಉಳಿದಿರುವಾಗಲೇ ಕಲಿತರೆ ಸುಲಭ, ಕಣ್ಣಿಗೆ ಕಂಡದ್ದನ್ನು ಕೈ ನಂಬುತ್ತದೆ. ಶಾಲೆಯ ಸಮವಸ್ತ್ರದ ಕೆಲಸ ಮುಗಿದ ಕೂಡಲೇ ಬರುತ್ತೇನೆ, ಕಣ್ಣು ಪೂರ್ತಿ ಹೋಗುವ ಮೊದಲೇ ನನ್ನ ಕೈ ನಿನಗೆ ಅಭ್ಯಾಸವಾಗಿರುತ್ತದೆ ಎಂದು ಕಾಜಕ್ಕ ಮಾತು ಕೊಟ್ಟಿದ್ದಳು. ಕೂಡುಹುಬ್ಬಿನ ಮನೆಯಲ್ಲಿ ಅಣ್ಣ ಅತ್ತಿಗೆ ಒಳ್ಳೆಯವರೇ. ಆದರೆ ಕೈಮಾತು ಬರುತ್ತಿರಲಿಲ್ಲ. ಕಾಜಕ್ಕ ಹೋಗದಿದ್ದರೆ ಅವಳೊಂದಿಗೆ ಮಾತಾಡುವ ಪ್ರಾಣಿಯೇ ಇರಲಿಲ್ಲ.

ಅಷ್ಟರಲ್ಲಿ ನಮ್ಮ ಪ್ರಾಂತ್ಯದಲ್ಲಿ ಎಲ್ಲೋ ಗಲಾಟೆಯಾಯಿತು. ಯಾರು ಯಾರಿಗೆ ಹೊಡೆದರೋ, ಸರ್ಕಾರ ಮಾತ್ರ ಎಲ್ಲರ ನೆಟ್ಟನ್ನೂ ಕಡಿದು ಹಾಕಿತು. ಸುಳ್ಳುಸುದ್ದಿ ಹರಡಬಾರದೆಂದು ಆದೇಶ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂದು ನಾನು ಪೇಪರು ಮಡಿಸಿಟ್ಟೆ. ಕಾಜಕ್ಕ ಐದು ಗಂಟೆಗೆ ಫೋನು ಒರಗಿಸಿದಳು, ಅಲ್ಲಾಡಿಸಿದಳು, ಬಾಗಿಲಾಚೆ ಹೋಗಿ ಆಕಾಶಕ್ಕೆ ಹಿಡಿದಳು. ಪೇಪರು ತೋರಿಸಿ ನಾನು ತಿಳಿಸಿ ಹೇಳಿದೆ. ಎಷ್ಟು ದಿನ ಎಂದಳು. ಎರಡು ದಿನವಿರಬಹುದು ಎಂದೆ.

ಗಲಾಟೆ ನಡೆದ ಕಡೆ ಅಂಗಡಿಗಳು ತೆರೆದವು, ಬಸ್ಸುಗಳು ಓಡಿದವು, ಫೋನಿನಲ್ಲಿ ಮಾತಾಡಲು ಮೊದಲಿನಿಂದಲೂ ತಡೆಯಿರಲಿಲ್ಲ. ನೆಟ್ಟು ಮಾತ್ರ ಬರಲಿಲ್ಲ. ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ ಆದೇಶವನ್ನು ಮತ್ತೆ ಮುಂದುವರಿಸುತ್ತಿದ್ದರು. ಬೀದಿ ನಿಧಾನಕ್ಕೆ ಒಗ್ಗಿಕೊಂಡಿತು. ಔಷಧಿ ಅಂಗಡಿಯವನು ಮೂಗು ಕೆರೆಯುತ್ತ ಬಂದು ನನ್ನ ಬೆಂಚಿನ ಮೇಲೆ ಕೂತು ಹೇಳಿದ:

"ನೆಟ್ ಇಲ್ದೆ ಎಷ್ಟು ನೆಮ್ಮದಿ ನೋಡಿ ಮಾಸ್ಟರ್. ಜನ ಮತ್ತೆ ಬಾಯ್ತುಂಬಾ ಮಾತಾಡೋಕೆ ಶುರು ಮಾಡಿದಾರೆ."

ಅವನು ಕೂತ ಜಾಗದಿಂದ ಕೈಯಳತೆ ದೂರದಲ್ಲಿ ಕಾಜಕ್ಕ ತಲೆ ತಗ್ಗಿಸಿ ಗಂಟು ಹಾಕುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಬೆಂಚು ಇಸ್ತ್ರಿಗೆ ಬೇಕು ಎಂದು ಹೇಳಿ ಅವನನ್ನು ಎಬ್ಬಿಸಿದೆ.

ಹಾಗಾದರೆ ಬಸ್ಸು ಹತ್ತಿ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ವಿಳಾಸ ಹೇಳು, ನಾನೇ ಟಿಕೆಟು ಮಾಡಿಸುತ್ತೇನೆ ಎಂದೆ. ಕಾಜಕ್ಕನಿಗೆ ಆ ಕೋಣೆಯ ಗೋಡೆಯ ಬಿರುಕು ಗೊತ್ತಿತ್ತು, ಪರದೆಬಟ್ಟೆಗೆ ಹಾಕಿದ ತೇಪೆ ಗೊತ್ತಿತ್ತು, ಸಂಜೆಯ ಬಿಸಿಲು ಯಾವ ಮೂಲೆಗೆ ಬೀಳುತ್ತದೆಂಬುದು ಗೊತ್ತಿತ್ತು. ಕೋಣೆ ಯಾವ ಬೀದಿಯಲ್ಲಿದೆ ಎಂದು ಗೊತ್ತಿರಲಿಲ್ಲ. ದಿನಾ ಒಳಗೆ ಹೋಗಿ ಕೂರುವ ಮನೆಯ ವಿಳಾಸವನ್ನು ಯಾರು ಕೇಳುತ್ತಾರೆ? ನೀನು ಬಂದಾಗ ಅಣ್ಣ ಬಸ್ ಸ್ಟ್ಯಾಂಡಿಗೆ ಬರುತ್ತಾನೆ ಎಂದು ಕೂಡುಹುಬ್ಬು ಹೇಳಿದ್ದಳು, ಅಲ್ಲಿಗೆ ಅದು ಮುಗಿದಿತ್ತು. ಅಣ್ಣನ ಹೆಸರೇನು ಎಂದೆ. ಕಾಜಕ್ಕ ಮೀಸೆ ತೀಡಿ ತೋರಿಸಿದಳು. ಅವರ ನಡುವೆ ಅವನ ಹೆಸರು ಅದೇ. ಕೂಡುಹುಬ್ಬಿನ ಬರೆಯುವ ಹೆಸರು ಗೊತ್ತಿತ್ತು. ಆದರೆ ಆ ಹೆಸರಿನವರು ಅಷ್ಟು ದೊಡ್ಡ ಊರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಏಣಿ ಇಟ್ಟ ನೀರಿನ ಟ್ಯಾಂಕಿನ ಗುರುತು ಹಿಡಿದು ಎಲ್ಲೆಂದು ಹುಡುಕುವುದು?

ಕೂಡುಹುಬ್ಬಿನ ನಂಬರಿಗೆ ನಾನು ಫೋನು ಮಾಡಿದೆ. ಈ ನಂಬರು ಚಾಲ್ತಿಯಲ್ಲಿಲ್ಲ ಎಂದಿತು ಒಂದು ಹೆಣ್ಣುದನಿ. ಆಗ ನೆನಪಾಯಿತು. ವರ್ಷದ ಕೆಳಗೆ ಇನ್ನೊಂದು ನಿಯಮ ಬಂದಿತ್ತು. ನಂಬರು ಇಟ್ಟುಕೊಂಡವರಿಗೆಲ್ಲ ಒಂದು ಕರೆ ಬರುತ್ತದೆ, ಯಂತ್ರ ಹೇಳುವ ಅಂಕಿಗಳನ್ನು ಕೇಳಿ ಒತ್ತಬೇಕು, ಒತ್ತದ ನಂಬರು ರದ್ದು. ಕಾಜಕ್ಕನ ನಂಬರಿಗೆ ಬಂದ ಕರೆಗೆ ನಾನು ಕಿವಿಗೊಟ್ಟು ಒತ್ತಿದ್ದೆ. ಅಲ್ಲಿ ಕರೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲವಂತೆ, ನಂಬರು ಸತ್ತಿತು. ಮನೆಯ ವೈಫೈಯಲ್ಲಿ ವಿಡಿಯೊ ಹೇಗೂ ಬರುತ್ತಿತ್ತು, ಮಾತಾಡಲಾಗದವಳಿಗೆ ಮಾತಿನ ನಂಬರು ಯಾಕೆ ಎಂದು ಎಲ್ಲರೂ ಸುಮ್ಮನಾಗಿದ್ದರು. ಕೆಲವರು ಪ್ರಾಂತ್ಯದ ಗಡಿ ದಾಟಿ ಹೋಗಿ ನೆಟ್ಟು ಹಿಡಿದು ಬರುತ್ತಿದ್ದರು. ನಮಗೆ ಅದರಿಂದಲೂ ಉಪಯೋಗವಿರಲಿಲ್ಲ. ಕೂಡುಹುಬ್ಬಿನ ಊರೂ ಅದೇ ಆದೇಶದ ಕೆಳಗಿತ್ತು.

ಜಿಲ್ಲಾ ಕಚೇರಿಯಲ್ಲಿ ತೊಂದರೆಗೆ ಒಳಗಾದವರಿಗಾಗಿ ಒಂದು ಕೌಂಟರು ತೆರೆದಿದ್ದಾರೆ ಎಂದು ಕೇಳಿ ನಾವಿಬ್ಬರೂ ಹೋದೆವು. ಕಾಜಕ್ಕ ಮದುವೆಗೆ ಹೋಗುವವಳಂತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಉದ್ದದ ಸಾಲು. ನಮ್ಮ ಸರದಿ ಬಂದಾಗ ಒಳಗಿದ್ದ ಅಧಿಕಾರಿ ಏನು ತೊಂದರೆ ಎಂದು ಕೇಳಿದ.

"ಇವರು ಗೆಳತಿ ಜೊತೆ ಮಾತಾಡ್ಬೇಕು ಸಾರ್," ಎಂದೆ.

"ಮಾತಾಡೋಕೆ ಫೋನ್ ಇದೆಯಲ್ಲ."

"ಇವರಿಗೆ ಕಿವಿ ಕೇಳ್ಸಲ್ಲ ಸಾರ್. ಆ ಕಡೆಯವರಿಗೂ ಅಷ್ಟೇ. ಕೈ ಕಂಡ್ರೇನೇ ಮಾತು."

ಅವನು ಕಾಜಕ್ಕನ ಕಡೆ ತಿರುಗಿ ನೋಡಿದ. ಕೆಟ್ಟ ಮನುಷ್ಯನಲ್ಲ. ಹಣೆಯ ಬೆವರು ಒರೆಸಿಕೊಂಡು, ತನ್ನ ಮುಂದಿನ ಹಾಳೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ. ಪರೀಕ್ಷೆ, ಬ್ಯಾಂಕು, ವ್ಯಾಪಾರ, ಆಸ್ಪತ್ರೆ. ಈ ನಾಲ್ಕಕ್ಕೆ ಮಾತ್ರ ಅವನು ಏನಾದರೂ ಮಾಡಬಲ್ಲ, ಮಾತಿಗೆ ಅಂತ ಜಾಗವೇ ಇಲ್ಲ ಎಂದ. ಆ ಸತ್ತ ನಂಬರು ಯಾವ ವಿಳಾಸದಲ್ಲಿತ್ತು ಎಂಬುದನ್ನಾದರೂ ಹೇಳಿಸಿ ಎಂದು ಬೇಡಿಕೊಂಡೆ. ಬೇರೆಯವರ ವಿಳಾಸ ಕೊಡಲು ತನಗೆ ಅಧಿಕಾರವಿಲ್ಲ, ಅರ್ಜಿ ಬರೆದುಕೊಡಿ, ಮೇಲಿನವರಿಗೆ ಕಳಿಸುತ್ತೇನೆ ಎಂದ. ಬರೆದುಕೊಟ್ಟೆವು. ಅರ್ಜಿದಾರರ ಫೋನ್ ನಂಬರು ಎಂಬಲ್ಲಿ ಕಾಜಕ್ಕ ತನ್ನ ನಂಬರನ್ನು ಒಂದೊಂದೇ ಅಂಕಿ ನೋಡಿ ನೋಡಿ ತಾನೇ ಬರೆದಳು.

ಮತ್ತೆ ಕಾಯುವುದು. ಕಾಜಕ್ಕ ಮೊದಲು ಬೀದಿಯ ಜನರನ್ನು ಆಡಿಕೊಳ್ಳುವುದನ್ನು ಬಿಟ್ಟಳು. ಹೊಟ್ಟೆಯೆಳೆಯುವ ಗಿರಾಕಿ ಬಂದರೂ ಕಣ್ಣೆತ್ತಲಿಲ್ಲ. ಐದು ಗಂಟೆಗೆ ಫೋನು ಮುಟ್ಟುತ್ತಿರಲಿಲ್ಲ, ಕೆಲಸವನ್ನೇ ಮುಂದುವರಿಸುತ್ತಿದ್ದಳು. ನಾನು ಏನಾದರೂ ಕೇಳಿದರೆ ತಲೆಯಲ್ಲೇ ಹೌದು, ಇಲ್ಲ. ಅಂಗಡಿಯಲ್ಲಿ ಕತ್ತರಿಯ ಸದ್ದು, ಮೆಷಿನ್ನಿನ ಸದ್ದು, ನನ್ನ ಬಡಬಡಿಕೆ ಎಲ್ಲ ಇದ್ದವು. ಆದರೂ ಅಂಗಡಿ ಬಿಕೋ ಎನ್ನುತ್ತಿತ್ತು. ಮನೆಗೆ ಹೋಗಿ ಒಬ್ಬನೇ ಉಣ್ಣುವುದು ನನಗೆ ಹೊಸದಲ್ಲ, ಆದರೆ ಅಂಗಡಿಯಲ್ಲೂ ಒಬ್ಬಂಟಿಯಾಗುವುದು ಹೊಸದಾಗಿತ್ತು. ನನಗೆ ಬಹಳ ಕಷ್ಟವಾಯಿತು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಅವಳು ಕಪ್ಪು ಲೈನಿಂಗ್ ಬಟ್ಟೆಯ ಪಟ್ಟಿಯೊಂದನ್ನು ತನ್ನ ಕಣ್ಣಿಗೆ ಬಿಗಿದುಕೊಂಡಳು. ನನ್ನ ಕೈಗಳನ್ನು ತಡಕಿ ಹಿಡಿದು, ತನ್ನ ಕೈಗಳನ್ನು ಅವುಗಳ ಮೇಲಿಟ್ಟು, ಏನಾದರೂ ಆಡು ಎಂಬಂತೆ ಅಲ್ಲಾಡಿಸಿದಳು. ನನಗೆ ಬರುವುದೇ ಅಷ್ಟಿಷ್ಟು. ಕಾಲರು, ತೋಳು, ಚಹಾ, ನಾಳೆ. ಅವಳು ತಲೆಯಾಡಿಸಿ ಮುಂದೆ ಎನ್ನುವಳು. ಊಟ ಆಯಿತಾ ಎಂದು ಆಡಿದಾಗ ತಡೆದಳು. ಪಟ್ಟಿಯನ್ನು ಮೇಲೆ ಸರಿಸಿ ನನ್ನ ಮುಖವನ್ನು ನೋಡಿದಳು. ಅವರ ಭಾಷೆಯಲ್ಲಿ ಪ್ರಶ್ನೆ ಕೇಳುವುದು ಹುಬ್ಬೇರಿಸಿ. ಕತ್ತಲಲ್ಲಿ ಹುಬ್ಬು ಯಾರಿಗೆ ಕಾಣಬೇಕು? ಊಟ ಆಯಿತಾ ಎಂಬುದೂ ಊಟ ಆಯಿತು ಎಂಬುದೂ ಕೈಗೆ ಒಂದೇ. ಬಹಳ ಹೊತ್ತು ಯೋಚಿಸಿ, ಮಾತು ಮುಗಿಯುವಾಗ ಮಣಿಕಟ್ಟನ್ನು ಮೆಲ್ಲಗೆ ಒತ್ತಿದರೆ ಪ್ರಶ್ನೆ ಎಂದು ತೀರ್ಮಾನ ಮಾಡಿದಳು. ಆಮೇಲೆ ದಿನಾ ಅದೇ ಅಭ್ಯಾಸ. ಯಾವ ಸನ್ನೆ ಕೈಗೆ ಸಿಗುತ್ತದೆ, ಯಾವುದು ಜಾರುತ್ತದೆ, ಜಾರುವುದನ್ನು ಹೇಗೆ ಬದಲಿಸಬೇಕು ಎಂದು ಅವಳು ಕಣ್ಣು ಕಟ್ಟಿಕೊಂಡು ಕಲಿತಳು. ಕಲಿತದ್ದನ್ನು ಒಯ್ದು ಮುಟ್ಟಿಸುವ ದಾರಿ ಮಾತ್ರ ಗೊತ್ತಿರಲಿಲ್ಲ.

ಅರ್ಜಿ ಏನಾಯಿತೆಂದು ವಿಚಾರಿಸಲು ನಾನು ಇನ್ನೊಮ್ಮೆ ಕಚೇರಿಗೆ ಹೋದೆ. ಅದೇ ಅಧಿಕಾರಿ ಕಂಪ್ಯೂಟರಿನಲ್ಲಿ ಹುಡುಕಿ, ಓದಿ, ಮತ್ತೊಮ್ಮೆ ಓದಿ, ನನ್ನ ಮುಖ ನೋಡದೆ ಹೇಳಿದ. ಮೇಲಿನ ಕಚೇರಿಯವರು ವಿಚಾರಣೆಗಾಗಿ ಅರ್ಜಿದಾರರಿಗೆ ಮೂರು ಸಲ ಕರೆ ಮಾಡಿದ್ದಾರೆ. ಅರ್ಜಿದಾರರು ಕರೆ ಸ್ವೀಕರಿಸಿಲ್ಲ. ಆದ್ದರಿಂದ ಅರ್ಜಿ ಮುಕ್ತಾಯ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಿವಿ ಕೇಳುವುದಿಲ್ಲ ಎಂದು ಬರೆದುಕೊಟ್ಟ ಅರ್ಜಿಗೆ ಕರೆ ಮಾಡಿ ಉತ್ತರ ಕಾದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯೇನೋ ಕೊಡಲು ಹೊರಟಿದ್ದ, ತಟ್ಟಿದ ಬಾಗಿಲು ಮಾತ್ರ ತಪ್ಪಾಗಿತ್ತು. ಕಾಜಕ್ಕನಿಗೆ ನಾನು ಇದನ್ನು ಹೇಳಲಿಲ್ಲ. ಇನ್ನೂ ಮೇಲೆಯೇ ಇದೆಯಂತೆ ಎಂದೆ. ಅವಳು ನಂಬಲಿಲ್ಲ ಎಂದು ನನಗೆ ಗೊತ್ತಾಯಿತು.

ನೆಟ್ಟು ಬಂದದ್ದು ಕಂತುಕಂತಾಗಿ. ಮೊದಲು ಬ್ಯಾಂಕಿನದು, ಆಮೇಲೆ ರೈಲು ಟಿಕೆಟಿನದು, ಆಮೇಲೆ ಪೇಪರುಗಳದು. ಜನ ಜನರನ್ನು ನೋಡುವ ನೆಟ್ಟು ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿಗೆ ಒಂದು ಬೇಸಿಗೆ ಕಳೆದು, ಶಾಲೆ ಮಕ್ಕಳು ಹೊಸ ಸಮವಸ್ತ್ರಕ್ಕೆ ಅಳತೆ ಕೊಡಲು ಬಂದಿದ್ದರು. ಮಧ್ಯಾಹ್ನ ಊಟದ ಹೊತ್ತು, ಬೀದಿಯ ಫೋನುಗಳೆಲ್ಲ ಒಮ್ಮೆಲೇ ಟಿಂಗುಟಿಂಗೆಂದವು. ಜನ ಅಂಗಡಿಗಳಿಂದ ಹೊರಬಂದು ನಗುತ್ತ ಒಬ್ಬರಿಗೊಬ್ಬರು ಫೋನು ತೋರಿಸಿದರು. ಕಾಜಕ್ಕನಿಗೆ ಸದ್ದು ತಿಳಿಯದು, ನಗುವ ಮುಖಗಳನ್ನು ನೋಡಿಯೇ ತಿಳಿದಳು. ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಫೋನು ತೆಗೆದಳು.

ಮೂರನೆಯ ಸಲಕ್ಕೆ ಆ ಕಡೆಯಿಂದ ಎತ್ತಿದರು. ಕಂಡದ್ದು ಅತ್ತಿಗೆಯ ಮುಖ. ಕಾಜಕ್ಕನನ್ನು ನೋಡಿ ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಪಕ್ಕದಿಂದ ಬಗ್ಗಿ, ನಾನು ಟೈಲರು, ಇವರ ಗೆಳತಿ ಎಲ್ಲಿ ಎಂದು ಕೇಳಿದೆ.

"ಇಲ್ಲೇ ಇದಾಳೆ ಅಣ್ಣ. ಅವಳಿಗೆ ಈಗ ಏನೂ ಕಾಣೋದಿಲ್ಲ, ಬೇಸಿಗೇಲೇ ಪೂರ್ತಿ ಹೋಯ್ತು. ಆದ್ರೂ ದಿನಾ ಸಂಜೆ ಫೋನ್ ಇಡು ಅಂತ ಕೈ ಚಾಚ್ತಾಳೆ. ಇಡ್ತೀನಿ. ಅದರ ಮುಂದೆ ಕೂತು ಕೈ ಆಡಿಸ್ತಾನೇ ಇರ್ತಾಳೆ. ನೆಟ್ ಬಂತೋ ಇಲ್ವೋ ಅಂತ ಅವಳಿಗೆ ಹೇಳೋದು ಹೇಗೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ."

ಆಕೆ ಫೋನನ್ನು ಎಂದಿನ ಜಾಗದಲ್ಲಿಟ್ಟು, ಕೂಡುಹುಬ್ಬನ್ನು ತಂದು ಕೂರಿಸಿ, ಅವಳ ಬೆರಳನ್ನು ಫೋನಿನ ಅಂಚಿಗೆ ಮುಟ್ಟಿಸಿದಳು. ಕೂಡುಹುಬ್ಬು ಇಳಿದುಹೋಗಿದ್ದಳು. ಅವಳ ಕಣ್ಣು ನಮ್ಮಿಂದ ಸ್ವಲ್ಪ ಆಚೆಗೆ, ಗೋಡೆಯ ಕಡೆ ಇತ್ತು. ಕೈ ಎತ್ತಿ ಅವಳು ಆಡಿದ ಮೊದಲ ಮಾತು ನನಗೂ ಗೊತ್ತಿದ್ದ ಮಾತು: ಕಾಣ್ತಾ ಇದೀನಾ? ಆಡಿ, ಉತ್ತರಕ್ಕೆ ಸಾಕಾಗುವಷ್ಟು ಹೊತ್ತು ಸುಮ್ಮನೆ ಕೂತಳು. ಕಾಜಕ್ಕ ಈ ಕಡೆಯಿಂದ ಹೌದು, ಕಾಣ್ತಾ ಇದೀಯ, ಕಾಣ್ತಾ ಇದೀಯ ಎಂದು ಮತ್ತೆ ಮತ್ತೆ ಆಡಿದಳು. ಅಂಗೈಯಗಲದಲ್ಲೇ ಆಡಿದಳು. ಕೂಡುಹುಬ್ಬು ಉತ್ತರದ ಹೊತ್ತು ಮುಗಿಯಿತೆಂದುಕೊಂಡು ಮುಂದಿನ ಮಾತಿಗೆ ಹೋದಳು.

ಅತ್ತಿಗೆಯ ಕೈಯಿಂದಲೇ ಹೇಳಿಸೋಣವೆಂದು ನೋಡಿದೆ. ಕಾಜಕ್ಕ ಒಂದು ಸನ್ನೆ ಹಿಡಿದು ತೋರಿಸಿದಳು, ನಾನು ಅದನ್ನು ಬಾಯಲ್ಲಿ ವಿವರಿಸಿದೆ. ಹೆಬ್ಬೆರಳು ಹೀಗೆ, ಅಂಗೈ ಹಾಗೆ, ಈಗ ಅವರ ಕೈಗಳನ್ನು ನಿಮ್ಮ ಕೈ ಮೇಲೆ ಇಟ್ಕೊಳ್ಳಿ ಎಂದೆ. ಆಕೆ ಕೈ ಹಿಡಿದದ್ದೇ ತಡ, ಕೂಡುಹುಬ್ಬು ಮಾತು ನಿಲ್ಲಿಸಿ ಎದ್ದು ನಿಂತಳು. ಇಷ್ಟು ದಿನ ಯಾರಾದರೂ ಅವಳ ಕೈ ಹಿಡಿದರೆ ಅದು ಊಟಕ್ಕೋ ಸ್ನಾನಕ್ಕೋ ಎಬ್ಬಿಸಲು. ತಲೆ ಬಗ್ಗಿಸಿಕೊಂಡು ಅತ್ತಿಗೆ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಲು ಸಿದ್ಧಳಾಗಿ ನಿಂತಳು. ಫೋನಿನಲ್ಲಿ ಖಾಲಿ ಕುರ್ಚಿ ಕಾಣುತ್ತಿತ್ತು.

ಕಾಜಕ್ಕ ನನ್ನ ತೋಳು ಅಲ್ಲಾಡಿಸಿದಳು. ವಿಳಾಸ, ವಿಳಾಸ ಕೇಳು. ಕೇಳಿದೆ. ಅತ್ತಿಗೆ ಹೇಳಿದಳು, ನಾನು ಬರೆದುಕೊಂಡೆ. ಮರುದಿನ ಬೆಳಿಗ್ಗೆ ಕಾಜಕ್ಕನನ್ನು ಬಸ್ಸಿಗೆ ಹತ್ತಿಸಿದೆ. ಅರ್ಧ ಹಾಕಿದ್ದ ಕೋಟಿನ ಕಾಜಾವನ್ನು ಅವಳು ಹಾಗೆಯೇ ಬಿಟ್ಟು ಹೋಗಿದ್ದಳು. ಅದನ್ನು ನಾನೇ ಮುಗಿಸಿದೆ, ಚೆನ್ನಾಗಿ ಬರಲಿಲ್ಲ.

ಎರಡು ವಾರ ಸುದ್ದಿಯಿಲ್ಲ. ಆಮೇಲೆ ಒಂದು ಸಂಜೆ ನನ್ನ ಫೋನಿಗೆ ವಿಡಿಯೊ ಬಂತು. ಕಾಜಕ್ಕ ನನಗೆ ಹಾಗೆ ಕರೆ ಮಾಡಿದ್ದು ಮೊದಲ ಸಲ. ದಿನವಿಡೀ ಎದುರಿಗೇ ಇದ್ದವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಅವರಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂತಿದ್ದರು. ಆಡುತ್ತಿದ್ದವಳು ಕೂಡುಹುಬ್ಬು. ಅವಳ ಕೈಗಳ ಮೇಲೆ ಕಾಜಕ್ಕನ ಕೈಗಳಿದ್ದವು. ಕಣ್ಣು ಚೆನ್ನಾಗಿ ಕಾಣುವ ಕಾಜಕ್ಕ ಹಾಗೆ ಮುಟ್ಟಿ ಕೇಳಬೇಕಾದ ಅಗತ್ಯವೇನೂ ಇರಲಿಲ್ಲ. ಆದರೆ ಎದುರಿಗೆ ಯಾರೋ ಕೇಳುತ್ತಿದ್ದಾರೆ ಎಂಬುದು ಕೂಡುಹುಬ್ಬಿಗೆ ಬೇರೆ ಹೇಗೆ ಗೊತ್ತಾಗಬೇಕು? ತಿಂಗಳುಗಟ್ಟಲೆ ಕಟ್ಟಿಟ್ಟ ಮಾತು ಸುರಿಯುತ್ತಿತ್ತು. ನನಗೆ ಒಂದು ಶಬ್ದವೂ ಹಿಡಿಯಲಿಲ್ಲ.

ನಾನು ಕೈಯೆತ್ತಿ, ನನ್ನ ಹರಕುಮುರುಕು ಭಾಷೆಯಲ್ಲಿ, ಯಾವಾಗ ಬರ್ತೀಯಾ ಎಂದು ಕೇಳಿದೆ.

ಕಾಜಕ್ಕ ನನ್ನ ಕಡೆ ನೋಡಿದಳು. ನನಗೆ ಉತ್ತರ ಹೇಳಬೇಕಾದರೆ ಅವಳು ಆ ಕೈಗಳ ಮೇಲಿಂದ ತನ್ನ ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಸ್ವಲ್ಪ ಇರು ಎಂಬಂತೆ ಕಣ್ಣಲ್ಲಿ ಹೇಳಿ, ಮತ್ತೆ ಅವಳ ಕಡೆ ತಿರುಗಿದಳು. ನಾನು ಕಾದೆ. ನನಗೆ ಸಂತೋಷವಾಗಿತ್ತು, ಅದು ಸುಳ್ಳಲ್ಲ. ಎದೆಯೊಳಗೆ ಏನೋ ಕುಸಿದಿತ್ತು, ಅದೂ ಸುಳ್ಳಲ್ಲ. ಅವಳು ಇನ್ನು ಬರುವುದಿಲ್ಲ ಎಂದು ನನಗೆ ತಿಳಿದಿತ್ತು, ಬಾ ಎಂದು ಕರೆಯುವ ಬಾಯಿಯೂ ನನಗಿರಲಿಲ್ಲ. ಕೂಡುಹುಬ್ಬು ಏನೋ ಹೇಳಿ ನಕ್ಕಳು, ಕಾಜಕ್ಕನೂ ನಕ್ಕಳು. ನಾನಿರುವುದು ಇಬ್ಬರಿಗೂ ಮರೆತುಹೋಗಿತ್ತು. ಇನ್ನೂ ಸ್ವಲ್ಪ ಹೊತ್ತು ನೋಡಿ, ಕರೆಯನ್ನು ನಾನೇ ಮುಗಿಸಿದೆ.